ಭಾವ ಕೈ ಚಾಚಿ ನಿಂತದ್ದು

“ಹೊಸ ನಮೂನೆಯ ನೃತ್ಯದ ಹುಚ್ಚು ಹಿಡಿದ ಮುದುಕನೊಬ್ಬ ವೇದಿಕೆಗೆ ನುಗ್ಗಿ, ಒಳ್ಳೆಯ ಪ್ರದರ್ಶನವನ್ನು ಕೆಡಿಸಿದ.” ಕೊಪ್ಪದಿಂದ ನರಸಿಂಹರಾಜಪುರದವರೆಗೆ ಪ್ರಚಲಿತವಾಗಿರುವ ಕಥೆಯಿದು. ಆ ಮುದುಕರು ನನ್ನ ಭಾವ, ಅಕ್ಕನ ಗಂಡ. ಅವರಿಗೆ ಹುಚ್ಚಿಲ್ಲವೆಂದು ನಾನು ವಾದಿಸುವುದಿಲ್ಲ. ಅಷ್ಟು ದೊಡ್ಡ ಸುಳ್ಳನ್ನು ಹೇಗೆ ಹೇಳಲಿ! ಆದರೆ ಅವರ ಹುಚ್ಚು ಬೇರೆಯದು.

ಭಾವ ಮುಗಿದದ್ದನ್ನು ನೋಡುವವರಲ್ಲ. ಮದುವೆಯ ಮನೆಗೆ ಹಿಂದಿನ ದಿನವೇ ಹೋಗಿ, ಚಪ್ಪರ ಕಟ್ಟಿಸಿ, ಸೌತೆಕಾಯಿ ಹೆಚ್ಚಿಕೊಟ್ಟು, ಧಾರೆಯ ಹೊತ್ತಿಗೆ ತಮ್ಮ ಮನೆಯಲ್ಲಿ ಮಲಗಿರುತ್ತಾರೆ. ಕೇಳಿದರೆ, “ಬೆಂದು ಆದ್ಮೇಲೆ ನೋಡೋದು ಎಂತ ಇದೆ ಮಾರಾಯ?” ಎನ್ನುತ್ತಾರೆ. ಪೂರ್ತಿ ನಿಂತದ್ದು ತಮ್ಮ ಮದುವೆಯೊಂದಕ್ಕೇ. ಅದೂ ಇನ್ನೂ ಸರಿಯಾಗಿ ಬೆಂದಿಲ್ಲವೆಂದು ಅಕ್ಕನ ದೂರು.

ಕೊಪ್ಪಕ್ಕೆ ಮೊಬೈಲ್ ಬಂದು, ಸಿಗ್ನಲ್ ಇನ್ನೂ ಬಂದಿರದ ದಿನಗಳವು. ಬಾಳಗಡಿಯ ಸಭಾಂಗಣದಲ್ಲಿ ನೃತ್ಯತಂಡವೊಂದು ಬೀಡುಬಿಟ್ಟಿತು. ಅಭ್ಯಾಸವನ್ನು ಯಾರು ಬೇಕಾದರೂ ನೋಡಬಹುದು, ಶಿಬಿರದಲ್ಲಿ ಸೇರಲೂಬಹುದು ಎಂದು ಬೋರ್ಡು ಹಾಕಿತು. ಭಾವನಿಗೆ ಸ್ವರ್ಗ! ಅವರ ಜೊತೆಗೆ ನಾನೂ ಹೊರಟೆ. ಶಾಲೆ ಬಿಟ್ಟ ಮೇಲೆ ಎಲ್ಲವನ್ನೂ ಸ್ವಂತವಾಗಿಯೇ ಓದಿಕೊಂಡವನು ನಾನು. ಬಸ್ಸಿನುದ್ದಕ್ಕೂ ಮುದ್ರೆ, ರಸ, ಅಭಿನಯಗಳ ಬಗ್ಗೆ ಉಪನ್ಯಾಸ ಕೊಟ್ಟೆ. ಒಳಗೆ ಹೋದರೆ ಗೆಜ್ಜೆಯಿಲ್ಲ, ಮುದ್ರೆಯಿಲ್ಲ. ಎಲ್ಲರೂ ನೆಲದ ಮೇಲೆ ಅಂಗಾತ ಮಲಗಿ ಉಸಿರಾಡುತ್ತಿದ್ದಾರೆ!

“ಇದು ಯಾವ ರಸ ಮಾರಾಯ?” ಎಂದರು ಭಾವ.

ಶಿಬಿರದಲ್ಲಿ ನಿರ್ದೇಶಕಿ ನನಗೆ, “ಏನೂ ಮಾಡಬೇಡಿ ಸರ್, ದಿನಾ ನಡೆಯೋ ಹಾಗೆ ನಡೀರಿ” ಎಂದರು. ಅರವತ್ತು ದಾಟಿದ ನಾನು ಆ ಕ್ಷಣದಲ್ಲಿ ನಡಿಗೆಯನ್ನೇ ಮರೆತೆ. ಬಲಗಾಲಿನೊಂದಿಗೆ ಬಲಗೈಯೂ ಮುಂದೆ ಹೋಯಿತು, ಬೋಳುತಲೆ ಬೆವರಿತು. ಅದು ಸಾಲದೆಂಬಂತೆ, ನಾನು ಹಿಂದಕ್ಕೆ ಬೀಳಬೇಕಂತೆ, ಭಾವ ಹಿಡಿಯಬೇಕಂತೆ!

“ಹಿಡೀತೀರಲ್ಲ ಭಾವ?”

“ಹಿಡಿಯದೆ? ನಿನ್ನ ಅಕ್ಕಂಗೆ ಎಂತ ಹೇಳ್ಲಿ?”

ನಾನು ಬೀಳಲಿಲ್ಲ, ಮೆಲ್ಲಗೆ ಕುಳಿತುಕೊಂಡೆ. ಸಭಾಂಗಣವೇ ನಕ್ಕಿತು. ನಗದವಳು ತಂಡದ ಕಿರಿಯ ಹುಡುಗಿಯೊಬ್ಬಳೇ. ಬೆಂಚಿನ ಮೇಲಿಂದ ಅವಳು ಹಿಂದಕ್ಕೆ ಬೀಳುವುದು, ಜೊತೆಗಾರರು ಹಿಡಿಯುವುದು ಅವರ ನೃತ್ಯದ ಕೊನೆ. ಒಮ್ಮೆ ಹಿಡಿತ ತಪ್ಪಿ ನೆಲಕ್ಕೆ ಬಿದ್ದಿದ್ದಳಂತೆ. ಅಂದಿನಿಂದ ಬೆಂಚು ಹತ್ತಿದರೆ ಅವಳ ಮೊಣಕಾಲೂ ನನ್ನದರಂತೆಯೇ ಮಡಚಿಕೊಳ್ಳುತ್ತಿತ್ತು. “ನಾಳೆಯೂ ಆಗದಿದ್ರೆ ಬೇರೆಯವರನ್ನ ಹತ್ತಿಸಬೇಕಾಗ್ತದೆ” ಎಂದರು ನಿರ್ದೇಶಕಿ.

ಮರುದಿನ ಭಾವ ಅವಳ ಎದುರಿಗೆ ಹೋಗಿ ಎರಡೂ ಕೈ ಚಾಚಿದರು. “ಹಿಂದೆ ಅವ್ರು ಹಿಡೀತಾರೆ. ಅವ್ರು ಬಿಟ್ರೆ ನಾನಿದ್ದೀನಿ. ನನ್ನೇ ನೋಡ್ತಾ ಬೀಳು ಕೂಸೇ.”

ಹಿಂದಕ್ಕೆ ಬೀಳುವವಳನ್ನು ಎದುರಿಗೆ ನಿಂತವರು ಹಿಡಿಯುವುದು ಹೇಗೆ? ನಾನು ಈ ಆಕ್ಷೇಪವನ್ನು ಎತ್ತುವಷ್ಟರಲ್ಲಿ ಅವಳು ಬಿದ್ದಾಗಿತ್ತು, ಕೋಲಿನಷ್ಟು ನೇರವಾಗಿ!

“ಪ್ರದರ್ಶನದ ದಿನವೂ ಬರ್ತೀರಲ್ಲ ಅಜ್ಜಾ?”

ಭಾವ ನನ್ನ ಮುಖ ನೋಡಿದರು, ಸೂರು ನೋಡಿದರು. “ಬರ್ತೀನಿ ಬಿಡು” ಎಂದರು.

ಬಂದರು. ಮೊದಲ ಸಾಲಿನಲ್ಲೇ ಕುಳಿತರು, ನಾನು ಅವರ ಹಿಂದೆ. ಆದರೆ ಅಂದು ವೇದಿಕೆಯ ಮೇಲೆ ಕಣ್ಣು ಕುಕ್ಕುವ ದೀಪ, ಸಭೆಯಲ್ಲಿ ಕತ್ತಲೆ. ಹುಡುಗಿ ಬೆಂಚು ಹತ್ತಿದಳು, ಕತ್ತಲೆಯಲ್ಲಿ ಹುಡುಕಿದಳು. ಯಾರೂ ಕಾಣಲಿಲ್ಲ. ಮೊಣಕಾಲು ಮಡಚಿಕೊಳ್ಳತೊಡಗಿತು. ಆಗ ಭಾವ ಎದ್ದು, ವೇದಿಕೆಯ ಅಂಚಿನ ಬೆಳಕಿಗೆ ಬಂದು ಕೈ ಚಾಚಿದರು. ಅವಳು ಬಿದ್ದಳು. ಜೊತೆಗಾರರು ಹಿಡಿದರು.

ನಡೆದದ್ದು ಇಷ್ಟೇ. ನನ್ನ ಮಾತನ್ನೂ ನಂಬಬೇಡಿ. ಆ ಕ್ಷಣದ ಫೋಟೋ ಕೊಪ್ಪದ ಬಸ್ ನಿಲ್ದಾಣದ ಎದುರಿನ ಸ್ಟುಡಿಯೋದ ಗಾಜಿನೊಳಗೆ ಈಗಲೂ ಇದೆ, ಹೋಗಿ ನೋಡಿ. ಚಪ್ಪಲಿ ಮೆಟ್ಟಿದ ಭಾವನ ಕಾಲುಗಳು ವೇದಿಕೆಯ ಕೆಳಗೆ, ನೆಲದ ಮೇಲೆಯೇ ಇವೆ. ಬೀಳುತ್ತಿರುವ ಹುಡುಗಿ ನಗುತ್ತಿದ್ದಾಳೆ. ಇನ್ನೊಂದನ್ನೂ ಗಮನಿಸಿ: ಭಾವನ ಹಿಂದೆ, ಎರಡನೆಯ ಸಾಲಿನಲ್ಲಿ, ಬೋಳುತಲೆಯ ಮುದುಕನೊಬ್ಬ ಅರ್ಧ ಎದ್ದು, ತಾನೂ ಎರಡು ಕೈ ಚಾಚಿದ್ದಾನೆ. ಊರವರ ಕಥೆಯಲ್ಲಿ ಅವನ ಸುದ್ದಿಯೇ ಇಲ್ಲ!