ಸಂದು ಕಾಣೆಯಾಗಿದೆ

ಸಿಂದಗಿಯ ನನ್ನ ಗ್ಯಾರೇಜಿನಿಂದ ಒಂದು ಸಂದು ಕಾಣೆಯಾಗಿದೆ. ಉದ್ದ ಎಲ್ಲ ಸೇರಿ ಹನ್ನೆರಡು ಮೊಳ, ಅಗಲ ಕೂದಲೆಳೆಯಷ್ಟು. ಬಿಳಿ ಕಾರೊಂದರ ಚಕ್ರಗಳ ಮೇಲಿನ ತಗಡಿಗೂ, ಅದಕ್ಕೆ ಹೊಸದಾಗಿ ಅಂಟಿಸಿದ ಫೈಬರ್ ಕಮಾನುಗಳಿಗೂ ನಡುವೆ ಅದು ಕೊನೆಯ ಬಾರಿ ಕಂಡಿತ್ತು. ಇದರಿಂದ ನಾಲ್ಕು ತಾಲ್ಲೂಕುಗಳ ಶಾಂತಿ ಕದಡಿತು. ಕಳೆದವನು ನಾನೇ. ಡೆಂಟಿಂಗ್, ಪೇಂಟಿಂಗ್ ಕಸುಬಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಕೆಲಸ ಕೆಟ್ಟಾಗ ಕಡಿಮೆ, ಚೆನ್ನಾಗಿ ಆದಾಗಲೇ ಹೆಚ್ಚು.

ಹೆಬ್ಬೆರಳು

ಕಾರು ಇಂಡಿ ಊರಿನ ಗೊಬ್ಬರದಂಗಡಿ ಯಜಮಾನನದು. ಮದುವೆಯಾಗಿರಲಿಲ್ಲ. ಮುದ್ದೇಬಿಹಾಳಕ್ಕೆ ಹೆಣ್ಣು ನೋಡಲು ಹೋಗುವುದರೊಳಗೆ ಕಾರು ಅಗಲವಾಗಿ ಕಾಣಬೇಕಿತ್ತು.

"ಕೂಡ್ಸಿದ್ದು ಗೊತ್ತಾಗಬಾರ್ದ್ರಿ. ಕಂಪನಿಯಿಂದನ ಹಿಂಗ ಹುಟ್ಟೈತಿ ಅನ್ನಬೇಕು."

ನಾಲ್ಕೂ ಕಮಾನು ಅಂಟಿಸಿ, ಸಂದಿಗೆ ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಹೊಡೆಯುವ ಮೊದಲು ನೋಡಲು ಕರೆದೆ. ಅವನು ತನ್ನ ಅಜ್ಜಿಯನ್ನು ಕರೆತಂದ. ಅಜ್ಜಿ ಕಾರಿನ ಕಡೆ ನೋಡಲೇ ಇಲ್ಲ. ಜೋಳದಲ್ಲಿ ಹರಳು ಹುಡುಕಿ ಪಳಗಿದ ಹೆಬ್ಬೆರಳನ್ನು ಕಮಾನಿನ ಮೇಲೆ ಎಳೆದು, "ಇಲ್ಲಿ ತಗ್ಗ ಐತಿ ನೋಡೋ ಮಿಸ್ತ್ರಿ" ಎಂದಳು. ನನ್ನ ಕೈಗೆ ಸಿಗಲಿಲ್ಲ. ಆದರೂ ಉಜ್ಜಿದೆ. "ಇನ್ನೂ ಐತಿ." ಮತ್ತೆ ಉಜ್ಜಿದೆ. "ಐತಿ." ನಾಲ್ಕನೆಯ ಸಲ ಏನೂ ಹೇಳದೆ ಸೆರಗಿಗೆ ಕೈ ಒರೆಸಿಕೊಂಡಳು. ಮೂವತ್ತು ವರ್ಷದ ಕಸುಬಿನಲ್ಲಿ ನನಗೆ ಸಿಕ್ಕ ಏಕೈಕ ಸರ್ಟಿಫಿಕೇಟು ಅದು.

ಅಳಿಯನ ಗಾಡಿ

ಹೆಣ್ಣು ನೋಡಲು ಹೊರಟ ದಿನ ಬೆಳಿಗ್ಗೆ ಬಸವನ ಬಾಗೇವಾಡಿಯಿಂದ ಅವನ ಫೋನು. ಚಹಾದಂಗಡಿ ಮುಂದೆ ಕಾರು ನಿಲ್ಲಿಸಿ, ಯಾರಾದರೂ ಕೇಳಲಿ ಎಂದು ಅರ್ಧ ಗಂಟೆ ಕಾದಿದ್ದನಂತೆ. ಕೊನೆಗೆ ತಲೆಗೆ ಪಟಗ ಸುತ್ತಿದ ಹಿರಿಯರೊಬ್ಬರು ಕಾರನ್ನು ಎರಡು ಸುತ್ತು ಹಾಕಿ, "ನಮ್ಮಳಿಯಂದೂ ಇದ ಗಾಡಿರಿ. ಏನೂ ಫರಕಿಲ್ಲ" ಎಂದು ಹೋದರಂತೆ.

"ಏನ್ ಮಾಡಿಟ್ರಿ ಮಿಸ್ತ್ರಿ? ಯಾರಿಗೂ ಗೊತ್ತ ಆಗವಲ್ದು!"

"ಗೊತ್ತಾಗಬಾರ್ದು ಅಂದಿದ್ರಲ್ರಿ."

"ಕೂಡ್ಸಿದ್ದು ಗೊತ್ತಾಗಬಾರ್ದು. ಮಾಡ್ಸಿದ್ದು ಗೊತ್ತಾಗಬೇಕು."

ಈ ಮಾತಿನ ಬಗ್ಗೆ ನಾನು ಈಗಲೂ ಯೋಚಿಸುತ್ತಿದ್ದೇನೆ.

ಅಯಸ್ಕಾಂತ

ಹೆಣ್ಣಿನ ತಂದೆಗೆ ಮುದ್ದೇಬಿಹಾಳದಲ್ಲಿ ಕಬ್ಬಿಣದ ಅಂಗಡಿ. ಜೇಬಿನಲ್ಲಿ ಸದಾ ಅಯಸ್ಕಾಂತ. ಅವಲಕ್ಕಿ ಬರುವ ಮೊದಲೇ ಅದನ್ನು ಕಾರಿನ ಬಾಗಿಲಿಗೆ ಹಚ್ಚಿದರು, ಅಂಟಿತು. ಕಮಾನಿಗೆ ಹಚ್ಚಿದರು, ಕೆಳಗೆ ಬಿತ್ತು. ನಾಲ್ಕೂ ಕಡೆ ಬಿತ್ತು.

"ತಗಡ ಎಲ್ಲಾ ಹೋಗಿ ಬರೇ ಪುಟ್ಟಿ ಉಳದೈತಿ. ಗಾಡಿ ಪಲ್ಟಿ ಹೊಡದೈತಿ" ಎಂದು ತೀರ್ಪು ಕೊಟ್ಟರು. "ಇದನ್ನ ಮುಚ್ಚಿಟ್ಟಾವ ಇನ್ನೇನೇನ್ ಮುಚ್ಚಿಟ್ಟಾನೋ!"

"ಇಲ್ರಿ ಮಾಮಾ, ತಗಡಿನ ಮ್ಯಾಲ ಹೊಸಾದು ಕೂಡ್ಸೀನ್ರಿ."

"ಹಂಗಾರ ಸಂದ ತೋರ್ಸು."

"ಸಂದು ಇಲ್ರಿ."

"ಸಂದಿಲ್ಲಂದ್ರ ಕೂಡ್ಸಿಲ್ಲ."

ಸಾಕ್ಷಿಗೆ ನನ್ನನ್ನು ಕರೆಸಿದರು. ನಾನು ಬಸ್ಸು ಹಿಡಿದು ಮುದ್ದೇಬಿಹಾಳ ಮುಟ್ಟುವಷ್ಟರಲ್ಲಿ ಹುಡುಗಿಯ ಮನೆಯವರು ಗಂಡಿನ ಕಡೆಯವರಿಗೆ ಚಹಾ ಕೊಡುವುದನ್ನೂ ನಿಲ್ಲಿಸಿದ್ದರು. ಕಮಾನಿನ ಮೇಲೆ ಕೈಯಾಡಿಸಿದೆ. ನಾನು ಮುಚ್ಚಿದ ಸಂದು ನನಗೇ ಸಿಗಲಿಲ್ಲ. ಅದು ಹೆಮ್ಮೆ ಪಡುವ ಹೊತ್ತಾಗಿರಲಿಲ್ಲ.

"ಸಂದು ಇತ್ರಿ" ಎಂದೆ.

ಕಬ್ಬಿಣದಂಗಡಿಯವರು ಅಯಸ್ಕಾಂತವನ್ನು ಜೇಬಿಗೆ ಹಾಕಿಕೊಂಡು ಒಳಗೆ ಹೊರಟರು. ಹುಡುಗನ ಮುಖ ಕಾರಿಗಿಂತ ಬೆಳ್ಳಗಾಯಿತು.

ಆಗ ಮೊಮ್ಮಗನ ಜೊತೆ ಬಂದು ಕಟ್ಟೆಯ ಮೇಲೆ ಕೂತಿದ್ದ ಅಜ್ಜಿ ಎದ್ದು ಬಂದಳು. ಎತ್ತಲೋ ನೋಡುತ್ತ ಹೆಬ್ಬೆರಳು ಎಳೆದಳು.

"ಇಲ್ಲೈತಿ."

ಅಲ್ಲೇ ಕೀಲಿಕೈಯಿಂದ ಕೆರೆದೆ. ಫೈಬರಿನ ಅಂಚು ಕಂಡಿತು. ಅದರ ಪಕ್ಕದಲ್ಲೇ ಪೆಟ್ಟು ತಿನ್ನದ ತಗಡು. ಅಯಸ್ಕಾಂತ ಮತ್ತೆ ಹೊರಬಂತು. ಅಂಟಿತು. ಒಳಗಿನಿಂದ ಚಹಾನೂ ಬಂತು.

"ಅವತ್ತ ಯಾಕ ಹೇಳ್ಲಿಲ್ಲಬೇ ಆಯಿ?" ಎಂದು ಕೇಳಿದೆ.

"ನಿನಗ ಭಾಳ ಸಾಕಾಗಿತ್ತಲ್ಲೋ ಮಿಸ್ತ್ರಿ. ಅದಕ್ಕ ಬಿಟ್ಟೆ."

ಮದುವೆಯಾಗಿದೆ. ಕಮಾನುಗಳು ಹಾಗೇ ಇವೆ. ಬೀಗರ ಷರತ್ತಿನಂತೆ, ಅಜ್ಜಿ ಬೆರಳಿಟ್ಟು ತೋರಿಸಿದ ಕಡೆಯೆಲ್ಲ ಕಪ್ಪು ಗೆರೆ ಎಳೆದಿದ್ದೇನೆ. ಸಂದು ಈಗ ಬಸ್ಸಿನೊಳಗಿಂದಲೂ ಕಾಣುತ್ತದೆ.