ನನ್ನ ಫೋನಿನಲ್ಲಿ ಬಿಡಾರ ಹೂಡಿರುವ ಇಲಾಖೆಗೆ

ಬರಾಂಕಿಯಾ ನಗರದ ದೂರವಾಣಿ ಆಲಿಕೆ ವಿಭಾಗದ ನಿರ್ದೇಶಕರ ದಿವ್ಯ ಕಿವಿಗಳಿಗೆ, ಹೆಂಗಸರ ತಲೆ ಬಾಚಿ ಜೀವನ ಸಾಗಿಸುವ ಎದುವಿಹಿಸ್ ಮರಿಮೋನ್ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ನಮ್ಮ ಕ್ಷೇಮಸಮಾಚಾರ ತಮಗೆ ಗೊತ್ತೇ ಇದೆ. ನನ್ನ ಮಂಡಿನೋವು, ಪಕ್ಕದ ಮನೆಯ ತೊಮಾಸಾಳ ಸಾರಿನಲ್ಲಿ ಮರಗೆಣಸು ಬೇಯದೆ ಉಳಿದದ್ದು, ಅದರ ಬಗ್ಗೆ ನಾನು ಆಡಿದ ನಾಲ್ಕು ಮಾತು, ಎಲ್ಲವನ್ನೂ ತಮ್ಮ ಸಿಬ್ಬಂದಿ ಶ್ರದ್ಧೆಯಿಂದ ಆಲಿಸಿದ್ದಾರೆ. ಕಟ್ಟಿಕೊಂಡ ಗಂಡ ಮೂವತ್ತು ವರ್ಷ ಕಿವಿಗೆ ಹಾಕಿಕೊಳ್ಳದ್ದನ್ನು ಸರ್ಕಾರ ಹಾಕಿಕೊಂಡಿತಲ್ಲ, ನಾನು ಧನ್ಯಳು. ಮೂರು ವಾರದಿಂದ ನಲ್ಲಿಯಲ್ಲಿ ನೀರಿಲ್ಲವೆಂದು ಅದೇ ಫೋನಿನಲ್ಲಿ ದಿನಾ ಬಾಯಿ ಬಡಿದುಕೊಂಡಾಗ ಮಾತ್ರ ತಮ್ಮವರು ಊಟಕ್ಕೆ ಎದ್ದು ಹೋಗಿದ್ದರೆಂದು ಕಾಣುತ್ತದೆ.

ತಮ್ಮ ಸಾರ್ಜೆಂಟ್ ಎದಿಲ್ಬೆರ್ತೊ ಅವರ ಕರ್ತವ್ಯನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು. ಅವರು ನನ್ನ ತಂಗಿಯ ಮಗಳು ನಾಯಿಬೆಯ ಗಂಡ. ಅವರ ಕೈಯ ಏಟು ತಾಳಲಾರದೆ ಮನೆ ಬಿಟ್ಟ ಆ ಹುಡುಗಿ ನನಗೆ ಫೋನ್ ಮಾಡಿ, "ದೊಡ್ಡಮ್ಮಾ, ನಾಳೆ ಸೊಲೆದಾದ್‌ನಲ್ಲಿ ಗೆಳತಿ ಮನೆಗೆ ಹೋಗ್ತೀನಿ, ಯಾರ ಹತ್ರಾನೂ ಬಾಯಿ ಬಿಡ್ಬೇಡ" ಎಂದಳು. ನಾನು ಬಿಡಲಿಲ್ಲ. ಆದರೂ ಅವಳು ತಲುಪುವ ಮೊದಲೇ ಸಾರ್ಜೆಂಟರು ಆ ಗೆಳತಿಯ ಮನೆ ಗೇಟಿನಲ್ಲಿ ಹಾಜರಿದ್ದರು. ಎರಡನೆಯ ಸಲ ನನಗೆ ಫೋನಿನಲ್ಲಿ ಹೇಳಿ ಸಿಯೆನಾಗಾ ಊರಿಗೆ ಹೋದಾಗಲೂ ಅಷ್ಟೇ, ಅಲ್ಲಿ ಅವಳ ಮುಂಗೈ ಮುರಿದು ಮತ್ತೆ ಮನೆಗೆ ಎಳೆತಂದರು. ನ್ಯಾಯಾಧೀಶರ ಆದೇಶವಿಲ್ಲದೆ ನನ್ನ ಫೋನು ಕೇಳಿದ್ದು ಹೇಗೆಂದು ತಮ್ಮ ಕಚೇರಿಗೇ ಬಂದು ವಿಚಾರಿಸಿದಾಗ ಗುಮಾಸ್ತರು, "ನೋಡಮ್ಮಾ, ಎಲ್ಲದಕ್ಕೂ ಜಡ್ಜ್ ಸಾಹೇಬ್ರ ಸೈನ್ ಕಾಯ್ತಾ ಕೂತ್ರೆ ದೇಶ ಕಾಯೋದು ಯಾವಾಗ?" ಎಂದರು. ಬೇಲಿಯೇ ಎದ್ದು ಹೊಲ ಮೇಯುವುದಕ್ಕೆ ದೇಶ ಕಾಯುವುದು ಎನ್ನುತ್ತಾರೆಂದು ಈ ದಡ್ಡಿಗೆ ಅಂದೇ ತಿಳಿದದ್ದು.

ಆಮೇಲೆ ನಾವೂ ತಮ್ಮ ಸೇವೆಯನ್ನು ಬಳಸಿಕೊಂಡೆವು. ವರ್ಷದ ಕೊನೆಯ ದಿನ ರಾತ್ರಿ ಹನ್ನೆರಡು ಹೊಡೆದ ಕೂಡಲೇ ಖಾಲಿ ಸೂಟ್‌ಕೇಸ್ ಹಿಡಿದು ಬೀದಿ ಸುತ್ತಿದರೆ ಹೊಸ ವರ್ಷದಲ್ಲಿ ಪ್ರಯಾಣಯೋಗ ಬರುತ್ತದೆಂಬ ನಮ್ಮ ಪದ್ಧತಿ ತಮಗೂ ಗೊತ್ತು. ಡಿಸೆಂಬರ್ ಕೊನೆಯ ವಾರವಿಡೀ ನಮ್ಮ ಬೀದಿಯ ಹೆಂಗಸರೆಲ್ಲ ಫೋನಿನಲ್ಲಿ ಅದೊಂದೇ ಮಾತಾಡಿದೆವು. "ನಾಯಿಬೆ ಸೂಟ್‌ಕೇಸ್ ಮಾತ್ರ ಖಾಲಿ ಇರಲ್ಲ ಕಣೇ" ಎಂದು ತೊಮಾಸಾ ಎಷ್ಟು ಮೆಲ್ಲಗೆ ಪಿಸುಗುಟ್ಟಿದಳೆಂದರೆ ತಮ್ಮವರಿಗೆ ಕೇಳಿಸಿತೋ ಇಲ್ಲವೋ ಎಂದು ನನಗೇ ಆತಂಕವಾಯಿತು. ಕೇಳಿಸಿತ್ತು. ಸಾರ್ಜೆಂಟರು ನಾಲ್ವರು ಪೇದೆಗಳೊಡನೆ ಮೂಲೆಯಲ್ಲಿ ನಿಂತು ಮೂವತ್ತೊಂದು ಸೂಟ್‌ಕೇಸ್ ಬಿಚ್ಚಿಸಿ, ಮೂವತ್ತೊಂದರಲ್ಲೂ ಗಾಳಿ ಕಂಡು, ಅವನ್ನೆಲ್ಲ ತನಿಖೆಗೆಂದು ಹೊತ್ತೊಯ್ದರು. ನಾಯಿಬೆ ಆ ದಿನ ಮಧ್ಯಾಹ್ನವೇ ಹವಾಯಿ ಚಪ್ಪಲಿ ಮೆಟ್ಟಿ, ಮರಗೆಣಸಿನ ಚೀಲ ಹಿಡಿದು, ಸಂತೆಗೆ ಹೊರಟವಳಂತೆ ಬೀದಿ ಕಂಬಕ್ಕೆ ತಮ್ಮವರು ಹಾಕಿಸಿದ ಕ್ಯಾಮೆರಾದ ಕೆಳಗೇ ನಡೆದು ಹೋಗಿದ್ದಳು.

ಆದ್ದರಿಂದ ನನ್ನ ವಿನಮ್ರ ಬೇಡಿಕೆಗಳನ್ನೂ ಕಿವಿಗೆ ಹಾಕಿಕೊಳ್ಳಬೇಕು. ಸೂಟ್‌ಕೇಸುಗಳನ್ನು ಹಿಂದಿರುಗಿಸಿ, ಗಾಳಿಯನ್ನು ಸಾಕ್ಷ್ಯವಾಗಿ ತಾವೇ ಇಟ್ಟುಕೊಳ್ಳಬಹುದು. ಸಾರ್ಜೆಂಟರಿಗೆ ಬಡ್ತಿ ಕೊಟ್ಟು, ಗಂಡಸರು ಫೋನಿನಲ್ಲಿ ಆಡುವುದನ್ನೂ ಕೇಳುವ ಕೆಲಸಕ್ಕೆ ಹಾಕಿ, ಮೊದಲಿಗೆ ತಮ್ಮದನ್ನೇ. ಅದಕ್ಕೆ ನ್ಯಾಯಾಧೀಶರ ಸಹಿ ಬೇಕೆಂದು ತಮಗೆ ಥಟ್ಟನೆ ನೆನಪಾದರೆ, ಆ ಕಾನೂನು ಪುಸ್ತಕದ ಯಾವ ಪುಟದಲ್ಲಿದೆ ಎಂದು ನನಗೂ ತಿಳಿಸಿ.

ಕೇಳದೆಯೇ ಎಲ್ಲ ಹೇಳಿಬಿಟ್ಟ,
ತಮ್ಮ ವಿಶ್ವಾಸಿ,
ಎದುವಿಹಿಸ್ ಮರಿಮೋನ್

ತಾ.ಕ.: ನಾಯಿಬೆ ಎಲ್ಲಿದ್ದಾಳೆಂದು ನನಗೆ ಗೊತ್ತಿಲ್ಲ. ತಾವು ಕೇಳಿಸಿಕೊಳ್ಳುತ್ತೀರೆಂದು ಅವಳು ಫೋನ್ ಮಾಡುವುದಿಲ್ಲ, ನಾನೂ ಮಾಡುವಂತಿಲ್ಲ. ಐದು ತಿಂಗಳಾಯಿತು. ಅವಳ ದನಿ ಈಗ ಇರುವುದು ತಮ್ಮ ಕಪಾಟಿನಲ್ಲಿ ಮಾತ್ರ. ಅವಳು ನಕ್ಕ ಒಂದು ಟೇಪು ಹುಡುಕಿ ಕಳಿಸಿಕೊಡಿ. ವಿಳಾಸ ತಮ್ಮ ಬಳಿ ಇದೆ.