ದೇಶನೂರಿಗೆ ನಾನು ತರಿಸಿದ ಮಳೆ

ಮನುಷ್ಯರನ್ನು ನಂಬಿ ಕೆಟ್ಟವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮೊಬೈಲನ್ನು ನಂಬಿ ಕೆಟ್ಟವರನ್ನು ನೋಡಿರಲಿಲ್ಲ. ಈ ಬೇಸಿಗೆಯಲ್ಲಿ ಆ ಕೊರತೆಯೂ ನೀಗಿತು. ನೋಡಲು ದೂರ ಹೋಗಬೇಕಾಗಲಿಲ್ಲ, ಮನೆಯ ಕನ್ನಡಿಯೇ ಸಾಕಾಯಿತು!

ಬಳ್ಳಾರಿಯ ಗಾಂಧಿನಗರದಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಗಿರಾಕಿಗಳು ಕಡಿಮೆ, ಪುರುಸೊತ್ತು ಹೆಚ್ಚು. ಹೀಗಾಗಿ ನನಗೂ ನನ್ನ ಫೋನಿಗೂ ಗಳಸ್ಯ ಕಂಠಸ್ಯ. ಎಷ್ಟು ನಡೆದೆ ಎಂದು ಹೇಳಲು ಒಂದು ಆಪ್, ಎಷ್ಟು ನಿದ್ದೆ ಮಾಡಿದೆ ಎಂದು ಹೇಳಲು ಇನ್ನೊಂದು, ನೀರು ಕುಡಿ ಎಂದು ನೆನಪಿಸಲು ಮತ್ತೊಂದು. ಅದು ಆಗಾಗ ‘ಟಣ್’ ಎನ್ನುತ್ತದೆ, ನಾನು ತಂಬಿಗೆ ಎತ್ತುತ್ತೇನೆ.

“ಬಳ್ಳಾರಿ ಬಿಸಲಾಗ ಬಾಯಾರಿಕಿ ಆಗೈತಿ ಅಂತ ಹೇಳಾಕ ಫೋನ್ ಬೇಕೇನ್ರಿ?” ಎಂದು ನನ್ನ ಹೆಂಡತಿ ಗಿರಿಜಾ ಕೇಳುತ್ತಾಳೆ. “ಹಸಿವಾಗೈತೋ ಇಲ್ಲೋ ಅಂತನೂ ಅದನ್ನೇ ಕೇಳ್ರಿ. ನಾ ಒಲಿ ಹಚ್ಚಾದು ಬಿಡ್ತೀನಿ.”

ವಿಜ್ಞಾನಕ್ಕೆ ಸ್ವಂತ ಮನೆಯಲ್ಲಿ ಮರ್ಯಾದೆ ಸಿಗುವುದಿಲ್ಲ.

ಆದರೆ ಮಾವನ ಮನೆಯ ಮಾತೇ ಬೇರೆ. ಗಿರಿಜಾಳ ತವರು ಸಿರುಗುಪ್ಪ ತಾಲ್ಲೂಕಿನ ದೇಶನೂರು. ಅವಳ ಅಪ್ಪ ದೊಡ್ಡಬಸಪ್ಪನವರು ಭತ್ತ ಬೆಳೆಯುವವರು. ಅಳಿಯನೆಂದರೆ ಅವರಿಗೆ ದೇವರ ಕೋಣೆಯಿಂದ ಈಗಷ್ಟೇ ಎದ್ದು ಬಂದವನು. ಮದುವೆಯಾದಂದಿನಿಂದ ಇಂದಿನವರೆಗೆ ನನ್ನನ್ನು ‘ನೀನು’ ಎಂದಿಲ್ಲ, ನನ್ನ ಮಾತಿಗೆ ಎದುರು ಹೇಳಿಲ್ಲ. ನಾನು ಏನೇ ಹೇಳಲಿ, “ಆತ್ರಿ ಅಳಿಯಂದ್ರ” ಎನ್ನುತ್ತಾರೆ. ಇಂಥವರು ಸಿಕ್ಕರೆ ಸಲಹೆ ಕೊಡದೆ ಇರಲು ನಾನೇನು ಋಷಿಯೇ?

ಅವರ ಬೋರಿನ ಮೋಟರ್ ಇರುವುದು ಊರಾಚೆಯ ಹೊಲದಲ್ಲಿ. ಕರೆಂಟು ಬಂತೆಂದು ಮನೆಯಿಂದ ಓಡಿದರೆ, ಹೊಲ ಮುಟ್ಟುವಷ್ಟರಲ್ಲಿ ಅದು ಹೋಗಿರುತ್ತದೆ. ವಯಸ್ಸಾದ ಮನುಷ್ಯ ಹೀಗೆ ಬಿಸಿಲಲ್ಲಿ ಅಲೆಯುವುದನ್ನು ನೋಡಿ ನನ್ನ ಕರುಳು ಚುರುಕ್ ಎಂದಿತು. ಕೌಲ್ ಬಜಾರಿನ ಒಂದು ಅಂಗಡಿಗೆ ಹೋಗಿ ಫೋನಿನಿಂದಲೇ ಮೋಟರ್ ಚಾಲೂ ಮಾಡುವ ಪೆಟ್ಟಿಗೆಯೊಂದನ್ನು ಕೊಂಡೆ.

“ಇದರಾಗ ಒಂದು ಸಿಮ್ ಇರ್ತೈತಿ ಸಾಬ್,” ಎಂದು ಅಂಗಡಿಯವನು ವಿವರಿಸಿದ. “ಆ ನಂಬರಿಗೆ ಫೋನ್ ಹಚ್ರಿ. ರಿಂಗ್ ಆಗಿ ತಾನೇ ಕಟ್ ಆಗ್ತೈತಿ, ಮೋಟರ್ ಚಾಲೂ! ಮತ್ತ ಹಚ್ರಿ, ಬಂದ್! ನೀವು ದಿಲ್ಲಿಯಾಗ ಇದ್ರೂ ನಡೀತೈತಿ.”

ದಿಲ್ಲಿಗೆ ಹೋಗುವ ಯೋಚನೆ ಇರಲಿಲ್ಲ. ಆದರೂ ಖುಷಿಯಾಯಿತು. ಪೆಟ್ಟಿಗೆ ಕೂರಿಸಿ, ಮಾವನ ಫೋನಿಗೆ ಅಧಿಕಾರ ಕೊಟ್ಟೆ. ನನ್ನ ಫೋನಿಗೂ ಕೊಟ್ಟುಕೊಂಡೆ.

“ನಿಮಗ್ಯಾಕ್ರಿ?” ಎಂದಳು ಗಿರಿಜಾ.

“ಎಮರ್ಜೆನ್ಸಿಗೆ ಇರ್ಲಿ,” ಎಂದೆ. ಎಮರ್ಜೆನ್ಸಿ ಯಾವುದು ಎಂಬುದು ಆಗ ನನಗೂ ಗೊತ್ತಿರಲಿಲ್ಲ.

ನಂಬರುಗಳನ್ನು ಶಿಸ್ತಾಗಿ ಫೋನಿನಲ್ಲಿ ಬರೆದಿಟ್ಟುಕೊಂಡೆ. ಮಾವನವರ ಫೋನು ‘ಮಾವ ಮನಿ’. ಮೋಟರಿನದು ‘ಮಾವ ಹೊಲ’. ಅಚ್ಚುಕಟ್ಟು ಎಂದರೆ ಹೀಗಿರಬೇಕು! ಅಷ್ಟಕ್ಕೇ ನಿಲ್ಲಿಸದೆ, ದೇಶನೂರಿಗೆ ಮಳೆ ಬರುವ ಮೊದಲೇ ಎಚ್ಚರಿಸುವ ಒಂದು ಹವಾಮಾನದ ಆಪನ್ನೂ ಹಾಕಿಕೊಂಡೆ. ಇನ್ನು ಆ ಊರಿನ ನೀರಿನ ಉಸ್ತುವಾರಿ ಪೂರ್ತಿ ನನ್ನ ಅಂಗೈಯಲ್ಲಿತ್ತು.

ಬೇಸಿಗೆ ಬೆಳೆ ಕಟಾವಾಯಿತು. ವರ್ಷದ ಊಟಕ್ಕೆಂದು, ತಮ್ಮ ಮನೆಗೂ ನಮ್ಮ ಮನೆಗೂ ಸೇರಿಸಿ, ಮಾವ ಒಳ್ಳೆಯ ಸಣ್ಣ ಭತ್ತವನ್ನು ಬೋರಿನ ಪಕ್ಕದ ಸಿಮೆಂಟ್ ಕಣದಲ್ಲಿ ಒಣಗಲು ಹರವಿದ್ದರು. ಅದು ಮಾರುವ ಭತ್ತವಲ್ಲ, ಉಣ್ಣುವ ಭತ್ತ. ಚೆನ್ನಾಗಿ ಒಣಗಿತ್ತು. ಸಂಜೆ ಚೀಲ ತುಂಬಿದರೆ ಮುಗಿಯಿತು. ಆದರೆ ಒಣಗಿದ ಭತ್ತಕ್ಕೆ ಮತ್ತೆ ನೀರು ತಾಗಬಾರದು. ತಾಗಿದರೆ ಕಾಳು ಒಳಗೇ ಬಿರುಕು ಬಿಟ್ಟು, ಗಿರಣಿಗೆ ಹಾಕಿದಾಗ ಅಕ್ಕಿಯ ಬದಲು ನುಚ್ಚು ಬರುತ್ತದೆ. ಅಂದೇ ಕುರುಗೋಡಿನಲ್ಲಿ ಹತ್ತಿರದ ನೆಂಟರ ಮದುವೆ. ಭತ್ತ ಬಿಟ್ಟು ಬರಲಾರೆ ಎಂದು ಮಾವ ನಮ್ಮಿಬ್ಬರನ್ನು ಕಳಿಸಿದರು.

“ಏನೂ ಚಿಂತಿ ಮಾಡಬ್ಯಾಡ್ರಿ ಮಾವ,” ಎಂದು ಹಿಂದಿನ ದಿನವೇ ಅಭಯ ಕೊಟ್ಟಿದ್ದೆ. “ಮಳಿ ಬರಾಂಗಿದ್ರ ನಾ ಮೊದಲೇ ಹೇಳ್ತೀನಿ.”

“ಆತ್ರಿ ಅಳಿಯಂದ್ರ,” ಎಂದಿದ್ದರು ಮಾವ.

ಕುರುಗೋಡಿನಲ್ಲಿ ಅಕ್ಷತೆ ಬಿದ್ದು, ಊಟದ ಪಂಕ್ತಿ ಕುಳಿತು, ಎಲೆಗೆ ಹೋಳಿಗೆ ಬಿತ್ತು. ಅದರ ಮೇಲೆ ತುಪ್ಪವೂ ಬಿತ್ತು. ಕೈ ಹಾಕಬೇಕು ಎನ್ನುವಷ್ಟರಲ್ಲಿ ಜೇಬು ಗುರ್ರೆಂದಿತು. ತೆಗೆದು ನೋಡಿದರೆ ಕಪ್ಪು ಮೋಡದ ಚಿತ್ರ, ಅದರ ಕೆಳಗೆ ಸಿಡಿಲಿನ ಗೆರೆ. ದೇಶನೂರಿನಲ್ಲಿ ಇನ್ನು ಸ್ವಲ್ಪ ಹೊತ್ತಿನಲ್ಲೇ ಭಾರೀ ಮಳೆ!

“ಗಿರಿಜಾ! ಮಳಿ! ನಿಮ್ಮೂರಿಗೆ ಮಳಿ ಬರಾಕತ್ತೈತಿ!”

ಇಡೀ ಪಂಕ್ತಿ ನನ್ನತ್ತ ತಿರುಗಿತು. ಪಕ್ಕದಲ್ಲಿ ಕುಳಿತಿದ್ದ ರುಮಾಲಿನ ಅಜ್ಜ ಪೆಂಡಾಲಿನ ಸಂದಿಯಿಂದ ಆಕಾಶ ನೋಡಿದ. ಅಲ್ಲಿ ಮೋಡದ ಚೂರೂ ಇರಲಿಲ್ಲ.

“ಎಲ್ಲಿ ಮಳಿರೀ?” ಎಂದ.

“ಇಲ್ಲಲ್ರಿ, ದೇಶನೂರಾಗ. ಫೋನ್ ಹೇಳೈತಿ.”

“ಹಂಗಾದ್ರ ಫೋನಿಗೆ ಛತ್ರಿ ಹಿಡೀರಿ,” ಎಂದು ಅಜ್ಜ ಹೋಳಿಗೆ ಮುರಿದ.

ತಮಾಷೆಗೆ ಇದು ಸಮಯವಾಗಿರಲಿಲ್ಲ. ವರ್ಷದ ಅನ್ನ ಬಯಲಲ್ಲಿ ಬಿದ್ದಿದೆ, ಅದನ್ನು ಉಳಿಸುವ ಹೊಣೆ ನನ್ನ ಮೇಲಿದೆ. ಎಡಗೈಯಲ್ಲಿ ಫೋನ್ ತೆರೆದೆ. ಎರಡು ಹೆಸರು ಒಂದರ ಕೆಳಗೊಂದು ನಿಂತಿದ್ದವು, ‘ಮಾವ ಮನಿ’, ‘ಮಾವ ಹೊಲ’. ಇಲ್ಲಿ ನಾನು ನನ್ನ ತರ್ಕಶಕ್ತಿಯನ್ನೆಲ್ಲ ಬಳಸಿದೆ. ಭತ್ತ ಇರುವುದು ಹೊಲದಲ್ಲಿ. ಭತ್ತ ಬಿಟ್ಟು ಮಾವ ಕದಲುವುದಿಲ್ಲ. ಅಂದ ಮೇಲೆ ಮಾವ ಈಗ ಇರುವುದು ಹೊಲದಲ್ಲಿ. ಹಾಗಾದರೆ ಯಾವುದಕ್ಕೆ ಫೋನ್ ಮಾಡಬೇಕು?

‘ಮಾವ ಹೊಲ’ ಒತ್ತಿದೆ!

ರಿಂಗಾಯಿತು. ಕಟ್ಟಾಯಿತು. ಬಿಸಿಲಲ್ಲಿ ಕಣ್ಣು ಕಾಣದೆ ಮಾವ ತಪ್ಪಿ ಒತ್ತಿರಬಹುದು ಎಂದುಕೊಂಡು ಮತ್ತೆ ಮಾಡಿದೆ. ಮತ್ತೆ ರಿಂಗು, ಮತ್ತೆ ಕಟ್ಟು. ಅಕ್ಕಪಕ್ಕದವರೆಲ್ಲ ನನ್ನ ಮುಖ ನೋಡುತ್ತಿದ್ದರು. ಸಭೆಯ ನಡುವೆ ಮಾವ ಅಳಿಯನ ಫೋನ್ ಕಟ್ ಮಾಡುವುದೆಂದರೇನು? ನನ್ನ ಕಿವಿ ಬಿಸಿಯಾಯಿತು.

“ನಿಮ್ಮಪ್ಪ ಬೇಕಂತ ಫೋನ್ ಕಟ್ ಮಾಡಾಕತ್ತಾರ!” ಎಂದು ಗಿರಿಜಾಳ ಮೇಲೆ ಹರಿಹಾಯ್ದೆ.

“ನಮ್ಮಪ್ಪ ಹಂಗ ಮಾಡವ್ರಲ್ಲ. ನೀವು ಫೋನ್ ಮಾಡಿದ್ರ ಎದ್ದು ನಿಂತು ಮಾತಾಡವ್ರು ಅವರು.”

“ಹಂಗಾದ್ರ ನೋಡು!” ಎಂದು ಅವಳ ಕಣ್ಣೆದುರೇ ಇನ್ನೊಂದು ಸಲ ಮಾಡಿದೆ. ರಿಂಗು, ಕಟ್ಟು.

ಆಯಿತು. ನನಗೂ ಸ್ವಾಭಿಮಾನ ಎಂಬುದಿದೆ. ಉಪಕಾರ ಮಾಡಲು ಹೋದವನಿಗೆ ಇದೇ ಗತಿಯಾದರೆ ಭತ್ತ ನೆನೆಯಲಿ, ಆಗ ಬುದ್ಧಿ ಬರುತ್ತದೆ! ಫೋನನ್ನು ಜೇಬಿಗೆ ತುರುಕಿ ಹೋಳಿಗೆಗೆ ಕೈ ಹಾಕಿದೆ. ಸಿಟ್ಟಿನಲ್ಲಿ ಒಂದು ಹೆಚ್ಚೇ ತಿಂದೆ.

ಕೈ ತೊಳೆದು ಎಲೆಯಡಿಕೆ ಹಾಕಿಕೊಳ್ಳುವಾಗ ಫೋನ್ ಬಂತು. ‘ಮಾವ ಮನಿ’ ಎಂದಿತ್ತು. ಈಗ ನೆನಪಾಯಿತೇ ಎಂದುಕೊಂಡು, ಬಿಗುಮಾನದಿಂದ ಎತ್ತಿದೆ.

“ಅಳಿಯಂದ್ರ, ಆರಾಮದೀರ್ರಾ? ಊಟ ಆತೇನ್ರಿ? ಹೋಳಿಗಿ ಚಲೋ ಆಗಿದ್ವೇನ್ರಿ?”

“ಹ್ಞೂಂರಿ,” ಎಂದೆ ಗಂಭೀರವಾಗಿ.

“ಏನಿಲ್ಲ, ಒಂದು ಸಣ್ಣ ವಿಷಯ... ಕಣದಾಗ ಭತ್ತ ತೊಯ್ದೈತ್ರಿ.”

“ನೋಡಿದ್ರ್ಯಾ!” ನಾನು ಬಾಯಲ್ಲಿದ್ದ ಎಲೆಯಡಿಕೆ ನುಂಗಿಯೇಬಿಟ್ಟೆ. “ನಾ ಹೇಳಿದ್ದೆ ಇಲ್ಲೋ? ನನ್ನ ಆಪ್ ಸುಳ್ಳು ಹೇಳಾದಿಲ್ರಿ ಮಾವ! ಭಾಳ ಜೋರು ಬಂತೇನ್ರಿ ಮಳಿ?”



“ಮಳಿ ಇಲ್ರಿ. ಬಿಸಲು ರಣರಣ ಹೊಡ್ಯಾಕತ್ತೈತಿ. ನಾ ಉಣ್ಣಾಕಂತ ಮನಿಗೆ ಬಂದಿದ್ದೆ. ಮೋಟರ್ ತಾನೇ ಚಾಲೂ ಆಗೈತ್ರಿ. ಭತ್ತ ಹರವೋ ಮೊದಲ ಕಣ ತೊಳಿಯಾಕ ಪೈಪ್ ಇತ್ತಾಗ ತಿರಿವಿದ್ದೆ, ಅಲ್ಲೇ ಬಿದ್ದಿತ್ತು. ಅರ್ಧ ಭತ್ತ ನೀರಾಗ ನಿಂತೈತಿ. ಅದಕ್ಕ... ನೀವೇನರ...?”

“ಇಲ್ಲ, ಇಲ್ಲ! ಟೆಕ್ನಿಕಲ್ ಪ್ರಾಬ್ಲಮ್ ಇರಬೇಕ್ರಿ ಮಾವ. ಕೌಲ್ ಬಜಾರಿನವರನ್ನ ಕೇಳ್ತೀನಿ!” ಎಂದೆ. ಅವರ ಅಂಗಡಿಯನ್ನೇ ಮುಚ್ಚಿಸುವಷ್ಟು ಸಿಟ್ಟು ಬಂದಿತ್ತು ನನಗೆ.

ಗಿರಿಜಾ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. ಬೆರಳಾಡಿಸಿದಳು. ಅವಳ ಹುಬ್ಬು ನಿಧಾನವಾಗಿ ಮೇಲೇರಿತು.

“ಆಗಿನಿಂದ ಫೋನ್ ಮಾಡಿದ್ದು ಯಾರಿಗ್ರಿ?”

“ನಿಮ್ಮಪ್ಪಗ.”

“ನಮ್ಮಪ್ಪ ಈಗ ಮಾತಾಡಿದ್ದು ‘ಮಾವ ಮನಿ’. ನೀವು ಮಾಡಿದ್ದೆಲ್ಲಾ ‘ಮಾವ ಹೊಲ’. ಹೊಲದಾಗ ಫೋನ್ ಎತ್ತಾಕ ಯಾರದಾರ್ರಿ?”

ಹೊಲದಲ್ಲಿ ಯಾರಿದ್ದಾರೆ? ಮೋಟರ್ ಇದೆ. ಮೊದಲನೇ ಸಲ ಮಾಡಿದಾಗ ಚಾಲೂ. ಎರಡನೇ ಸಲ ಬಂದ್. ಸ್ವಾಭಿಮಾನ ಕೆರಳಿ ಮೂರನೇ ಸಲ ಮಾಡಿದಾಗ ಮತ್ತೆ ಚಾಲೂ! ಎಂದೂ ನೆಟ್ಟಗೆ ನಿಲ್ಲದ ಕರೆಂಟು ಅಂದು ನಾನು ಹೋಳಿಗೆ ಮುಗಿಸುವ ತನಕ ಕಣ್ಣು ಮಿಟುಕಿಸಲಿಲ್ಲ. ಮಳೆ ಬರುತ್ತದೆ ಎಂದು ಎಚ್ಚರಿಸಲು ಹೋಗಿ ಮಳೆಯನ್ನು ನಾನೇ ಕಳಿಸಿದ್ದೆ!

ಬೈಕ್ ಹತ್ತಿ ದೇಶನೂರಿಗೆ ಓಡಿದೆವು. ದಾರಿಯುದ್ದಕ್ಕೂ ಒಂದು ಹನಿ ಮಳೆ ಇರಲಿಲ್ಲ. ಹಿಂದೆ ಕುಳಿತ ಗಿರಿಜಾ ಬೈಯುತ್ತಿದ್ದರೆ ದಾರಿ ಬೇಗ ಸವೆಯುತ್ತಿತ್ತು.

ಕಣದಲ್ಲಿ ಮಾವ ಧೋತರ ಮೇಲೆ ಕಟ್ಟಿ, ನೆಂದ ಭತ್ತವನ್ನು ಹಲಗೆಯಿಂದ ಎಳೆದು ಎಳೆದು ಬೇರೆ ಮಾಡುತ್ತಿದ್ದರು. ಬೆನ್ನೆಲ್ಲ ಬೆವರು. ಪಕ್ಕದ ಹೊಲದ ತೆಲುಗು ಮಾತಿನ ಸುಬ್ಬಾರಾಯುಡು ಬುಟ್ಟಿ ಹಿಡಿದು ನೆರವಿಗೆ ಬಂದಿದ್ದ. ನೀರು ಹರಿಯುವುದನ್ನು ಮೊದಲು ಕಂಡು ಊರಿಗೆ ಸುದ್ದಿ ಮುಟ್ಟಿಸಿದವನೂ ಅವನೇ. ನನ್ನನ್ನು ಕಂಡದ್ದೇ ಮಾವ ಹಲಗೆ ಬಿಟ್ಟು, ಕೈ ಒರೆಸಿಕೊಂಡರು.

“ಬರ್ರಿ ಬರ್ರಿ ಅಳಿಯಂದ್ರ, ಬಿಸಲಾಗ ಬಂದೀರಿ. ಏ ಗಿರಿಜಾ, ಅಳಿಯಂದ್ರಿಗೆ ನೀರು ಕೊಡವಾ.”

“ನೀಳ್ಳಿಗೇನು ಕಮ್ಮಿ ದೊಡ್ಡಬಸಪ್ಪಗಾರು!” ಎಂದ ಸುಬ್ಬಾರಾಯುಡು. “ಎಲ್ಲಿ ನೋಡಿದ್ರೂ ನೀಳ್ಳೇ ಐತಿ ಕದಾ!”

ನನಗೆ ನಗು ಬರಲಿಲ್ಲ. “ಮಾವ, ಫೋನ್ ಮಾಡಿದ್ದು ನಾನೇರಿ,” ಎಂದು ಒಪ್ಪಿಕೊಂಡೆ. ಅವರು ಒಂದು ಸಲ ‘ಲೇ’ ಎಂದು ಬೈದಿದ್ದರೆ ಅವರ ಕಾಲಿಗೆ ಬೀಳುತ್ತಿದ್ದೆ. ಅಷ್ಟು ನಾಚಿಕೆಯಾಗಿತ್ತು.

ಮಾವ ಬೈಯಲಿಲ್ಲ. ಅಳಿಯನನ್ನು ಬೈಯುವ ಪದ್ಧತಿ ಅವರ ವಂಶದಲ್ಲೇ ಇಲ್ಲ. ಅವರು ನೇರ ಮೋಟರ್ ಪೆಟ್ಟಿಗೆಯ ಮುಂದೆ ಹೋಗಿ ನಿಂತರು.

“ಲೇ ಹುಚ್ಚ ನನ್ನ ಮಗನ! ಬುದ್ಧಿ ಐತೇನಲೇ ನಿನಗ? ಯಾಕ, ಏನು ಅಂತ ವಿಚಾರ ಮಾಡಾದಿಲ್ಲ? ಕೈಗೆ ಒಂದು ಡಬ್ಬಿ ಸಿಕ್ತಂದ್ರ ಊರು ಮುಣುಗಿಸ್ತೀಯೇನಲೇ? ವಯಸ್ಸಾಗೈತಿ, ತಲಿ ಬೆಳ್ಳಗಾಗೈತಿ, ಯಾವಾಗ ಬರ್ತೈತಲೇ ನಿನಗ ಬುದ್ಧಿ?”

ಮೋಟರಿಗೆ ತಲೆಗೂದಲು ಇರಲಿಲ್ಲ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರೆ. ಆ ಕೊತ್ತಿಯ ಪಕ್ಕದಲ್ಲಿ ನಿಂತು ಪೂರ್ತಿ ಕೇಳಿಸಿಕೊಳ್ಳುವ ಭಾಗ್ಯ ಅತ್ತೆಯರಿಗೂ ಸಿಕ್ಕಿರಲಾರದು! ಬೈದು ಮುಗಿಸಿ ಮಾವ ನನ್ನತ್ತ ತಿರುಗಿದರು. “ನೀವು ಅಲ್ಲಿ ನೆಳ್ಳಾಗ ಕುಂದರ್ರಿ ಅಳಿಯಂದ್ರ,” ಎಂದರು.

ನಾನು ಕೂರಲಿಲ್ಲ. ಮದುವೆಗೆಂದು ಇಸ್ತ್ರಿ ಮಾಡಿಸಿದ್ದ ಪ್ಯಾಂಟನ್ನು ಮೊಣಕಾಲಿಗೆ ಮಡಿಚಿ ಕಣಕ್ಕಿಳಿದೆ. ಭತ್ತ ಆರಲು ಅದರೊಳಗೆ ಕಾಲೆಳೆದುಕೊಂಡು ನಡೆಯುತ್ತ ಸಾಲು ಮಾಡಬೇಕು. ಮೇಲೆ ಬಿಸಿಲು, ಕೆಳಗೆ ಕಾದ ಸಿಮೆಂಟು, ಅಂಗಾಲಿಗೆ ಚುಚ್ಚುವ ಭತ್ತದ ಮುಳ್ಳು. ಸೂರ್ಯ ಮುಳುಗುವ ತನಕ ಕಣದ ಆ ತುದಿಯಿಂದ ಈ ತುದಿಗೆ ನಡೆದೆ. ಸುಬ್ಬಾರಾಯುಡು ನಿಂತು ನೋಡಿ, “ಎತ್ತಿಗಿಂತ ಚಲೋ ಅದಾರ ಸಾರು,” ಎಂದು ಪ್ರಮಾಣಪತ್ರ ಕೊಟ್ಟ. ನೆಂದ ಭತ್ತ ಒಂದು ರಾಶಿ, ನೆನೆಯದೆ ಉಳಿದದ್ದು ಇನ್ನೊಂದು ರಾಶಿ ಎಂದು ಮಾವ ಬೇರೆ ಬೇರೆ ಮಾಡಿದರು. ಮುಗಿಯಿತಲ್ಲ ಎಂದು ನಾನು ನಿಟ್ಟುಸಿರು ಬಿಟ್ಟೆ.

ಕೆಲವು ದಿನ ಕಳೆದು, ಗಿರಣಿಯಿಂದ ನೇರವಾಗಿ ಒಂದು ಟೆಂಪೊ ಗಾಂಧಿನಗರದ ನಮ್ಮ ಮನೆಯ ಮುಂದೆ ಬಂದು ನಿಂತಿತು. ವರ್ಷದ ಅಕ್ಕಿಯ ಚೀಲಗಳು ಇಳಿದವು. ಗಿರಿಜಾ ಒಂದರ ಬಾಯಿ ಬಿಚ್ಚಿ ಕೈ ಹಾಕಿದಳು. ನುಚ್ಚು. ಇನ್ನೊಂದನ್ನು ಬಿಚ್ಚಿದಳು. ಅದೂ ನುಚ್ಚು! ಎಲ್ಲ ಚೀಲಗಳೂ ಅಷ್ಟೇ.

ಅವಳು ಅಲ್ಲೇ ನಿಂತು ಅಪ್ಪನಿಗೆ ಫೋನ್ ಹಚ್ಚಿ, ನನಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದಳು.

“ಅಪ್ಪಾ, ನೆನೀದೇ ಇರೋ ಭತ್ತ ಅಷ್ಟಿತ್ತಲ್ಲ. ನುಚ್ಚೆಲ್ಲಾ ನಮಗ್ಯಾಕ ಕಳಿಸೀಯಪ್ಪಾ?”

“ನಾ ಏನ್ ಮಾಡ್ಲವಾ,” ಎಂದರು ಮಾವ, ಎಂದಿನ ಮೆತ್ತಗಿನ ದನಿಯಲ್ಲಿ. “ಅಳಿಯಂದ್ರು ಊಟದ ಎಲಿ ಮುಂದ ಕುಂತಾಗೂ ಮರೀದಂಗ ಅಲ್ಲಿಂದ ನೀರು ಹಾಯಿಸಿದ ಭತ್ತ ಅದು. ಅವರು ಅಷ್ಟು ಮುತುವರ್ಜಿ ಮಾಡಿದ್ದನ್ನ ನಾವು ಉಂಡ್ರ ಮರ್ಯಾದಿ ಇರ್ತೈತೇನವಾ? ಅದಕ್ಕ ಒಂದು ಕಾಳೂ ಇಟ್ಕೊಳ್ದಂಗ ಅವರಿಗೇ ಕಳಿಸೀನಿ.”

ಆ ಮಧ್ಯಾಹ್ನ ತಟ್ಟೆಯ ತುಂಬ ನುಚ್ಚನ್ನ ಬಂತು. ಕಲಸಿದರೆ ಅಂಟು, ನುಂಗಿದರೆ ಗಂಟು. ನಾನು ತಲೆ ತಗ್ಗಿಸಿ ಉಂಡೆ. ಗಿರಿಜಾ ಮತ್ತೆ ಸೌಟು ಎತ್ತಿ, ತನ್ನ ಅಪ್ಪನ ದನಿಯಲ್ಲೇ ಕೇಳಿದಳು:

“ಇನ್ನೊಂದಿಷ್ಟು ಹಾಕ್ಲೇನ್ರಿ?”

“ಹಾಕು,” ಎಂದೆ. ಬೇಡ ಎನ್ನಲು ನನಗೆಲ್ಲಿತ್ತು ಮುಖ!